ಎರಡೂಕಾಲು ಗಂಟೆಯ ಹಾಡು

2021ರ ಸೆಪ್ಟೆಂಬರ್ 30. ಕೆನಡಾದ ಪಶ್ಚಿಮ ಅಂಚಿನ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಕಮ್‌ಲೂಪ್ಸ್ ಎಂಬ ಊರಿದೆ. ಅಲ್ಲಿನ ಮೂಲನಿವಾಸಿ ಸಮುದಾಯ ತ್ಕೆಮ್‌ಲುಪ್ಸ್ ತೆ ಶೆಕ್ವೆಪೆಮ್ ಜಗತ್ತಿಗೆಲ್ಲ ಒಂದು ಕರೆ ಕೊಟ್ಟಿತ್ತು. ಈ ದಿನ ನಮ್ಮೂರಿನ ಗಡಿಯಾರದಲ್ಲಿ ಮಧ್ಯಾಹ್ನ ಎರಡೂಕಾಲು ಆದಾಗ, ನೀವು ಎಲ್ಲೇ ಇರಿ, ನಮ್ಮ ಜೊತೆ ಡ್ರಮ್ ಬಾರಿಸಿ, ನಮ್ಮ ಗೌರವದ ಹಾಡನ್ನು ಹಾಡಿ. ಹಾಡು ಬಾರದವರು ಕಲಿಯಲಿ ಎಂದು ಅದನ್ನು ಮೊದಲೇ ಹಂಚಿದ್ದರು. ಸಮಯಕ್ಕೆ ಸರಿಯಾಗಿ ಡ್ರಮ್ಮುಗಳು ಮೊಳಗಿದವು, ಕಮ್‌ಲೂಪ್ಸಿನಲ್ಲಿ ಮಾತ್ರವಲ್ಲ, ದೂರದ ಊರುಗಳಲ್ಲೂ.

ಎರಡೂಕಾಲನ್ನು ಅಂಕಿಯಲ್ಲಿ ಬರೆದರೆ 2:15. ಆ ವರ್ಷದ ಮೇ 27ರಂದು ಇದೇ ಸಮುದಾಯ ಒಂದು ಸುದ್ದಿ ಹೊರಗಿಟ್ಟಿತ್ತು. ಊರಿನ ಹಳೆಯ ವಸತಿ ಶಾಲೆಯ ಆವರಣದಲ್ಲಿ ನೆಲದೊಳಗನ್ನು ನೋಡುವ ರೇಡಾರ್ ಓಡಿಸಿದಾಗ 215 ಮಕ್ಕಳ ಸಮಾಧಿಗಳಿರಬಹುದಾದ ಗುರುತು ಸಿಕ್ಕಿದೆ ಎಂಬ ಸುದ್ದಿ. ಇಲ್ಲಿ ಒಂದು ಮಾತು ಸ್ಪಷ್ಟವಾಗಿರಬೇಕು. ಈ ರೇಡಾರ್ ಮೂಳೆಯನ್ನು ತೋರಿಸುವುದಿಲ್ಲ, ಹಿಂದೆಂದೋ ಅಗೆದು ಮುಚ್ಚಿದ ಮಣ್ಣಿನ ಆಕಾರವನ್ನು ತೋರಿಸುತ್ತದೆ. ಆಮೇಲೆ ತಜ್ಞರು ಆ ಸಂಖ್ಯೆಯನ್ನು ಸುಮಾರು 200 ಎಂದು ತಿದ್ದಿದರು. ಅಗೆಯಬೇಕೋ ಬೇಡವೋ ಎಂಬುದು ಹೊರಗಿನವರು ಅವಸರಪಡಿಸುವ ವಿಷಯವಲ್ಲ, ತಮ್ಮ ಮಕ್ಕಳನ್ನು ಕಳೆದುಕೊಂಡ ಮನೆಗಳವರು ಕೂತು ತೀರ್ಮಾನಿಸಬೇಕಾದದ್ದು. ಹಾಗಂತ ಇಂಥ ಶಾಲೆಗಳಲ್ಲಿ ಮಕ್ಕಳು ಸತ್ತದ್ದಕ್ಕೆ ರೇಡಾರಿನ ಸಾಕ್ಷಿ ಬೇಕಾಗಿಯೇ ಇಲ್ಲ. ಸರ್ಕಾರದ, ಚರ್ಚುಗಳ ಕಡತಗಳಲ್ಲೇ ಅದು ಬರೆದಿಟ್ಟಿದೆ.

ನಮ್ಮಲ್ಲಿ ಸತ್ತವರಿಗೆ ಗೌರವ ಸಲ್ಲಿಸುವುದೆಂದರೆ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸುವುದು. ಶಾಲೆ, ಸಭೆ, ವಿಧಾನಸೌಧ, ಎಲ್ಲೆಡೆಯೂ ಅದೇ ರೂಢಿ. ಶೆಕ್ವೆಪೆಮ್ ಜನ ಮೌನ ಕೇಳಲಿಲ್ಲ, ಸದ್ದು ಕೇಳಿದರು. ಯಾಕೆ ಎಂದು ಅರ್ಥವಾಗಬೇಕಾದರೆ ಆ ಶಾಲೆಗಳಲ್ಲಿ ಏನಾಯಿತು, ಅದಕ್ಕಿಂತ ಮುಖ್ಯವಾಗಿ ಯಾವುದರ ಬಾಯಿ ಮುಚ್ಚಿಸಲಾಯಿತು ಎಂಬುದು ತಿಳಿದಿರಬೇಕು.

ಕೆನಡಾ ಸರ್ಕಾರದ ಹಣ, ಕ್ರೈಸ್ತ ಚರ್ಚುಗಳ ಆಡಳಿತ: ಈ ಜೋಡಿಯಲ್ಲಿ 1880ರ ದಶಕದಿಂದ ವಸತಿ ಶಾಲೆಗಳ ಜಾಲ ಹಬ್ಬಿತು. ಕೆಲವು ಅದಕ್ಕೂ ಹಳೆಯವು. ಕೊನೆಯವು ಮುಚ್ಚಿದ್ದು 1990ರ ದಶಕದ ಕೊನೆಯಲ್ಲಿ. ಫಸ್ಟ್ ನೇಷನ್ಸ್, ಇನ್ಯುಯಿಟ್, ಮೇಟಿ ಎಂಬ ಮೂರೂ ಮೂಲನಿವಾಸಿ ಸಮೂಹಗಳ ಸುಮಾರು 1,50,000 ಮಕ್ಕಳು ಇವುಗಳಲ್ಲಿ ಬೆಳೆದರು. ಉದ್ದೇಶವನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಮಗುವನ್ನು ತಂದೆತಾಯಿಯಿಂದ ದೂರ ಮಾಡಿದರೆ ಮಗುವಿನೊಳಗಿನ 'ಇಂಡಿಯನ್', ಅಂದರೆ ಮೂಲನಿವಾಸಿ, ತಾನಾಗಿ ಅಳಿಯುತ್ತಾನೆ ಎಂಬುದು ಆಳುವವರ ಲೆಕ್ಕಾಚಾರ. 1920ರಲ್ಲಿ ಕಾನೂನು ತಿದ್ದಿ, ಮಕ್ಕಳನ್ನು ಒಪ್ಪಿಸುವುದನ್ನು ಕಡ್ಡಾಯ ಮಾಡುವ ಅಧಿಕಾರವನ್ನು ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು. ಮೂಲನಿವಾಸಿಗಳ ವ್ಯವಹಾರ ನೋಡುವ ಇಲಾಖೆ ನಡೆಸುತ್ತಿದ್ದ ಡಂಕನ್ ಕ್ಯಾಂಪ್‌ಬೆಲ್ ಸ್ಕಾಟ್ ತನ್ನ ಕಾಲದ ಹೆಸರಾಂತ ಕವಿಯೂ ಹೌದು. ಕವಿತೆ ಬರೆಯುವ ಕೈಯೇ ಸಾವಿರಾರು ಮಕ್ಕಳ ಭಾಷೆ ಕಿತ್ತುಕೊಳ್ಳುವ ಆದೇಶಗಳಿಗೂ ರುಜು ಹಾಕಿತು ಎಂಬುದು ನನಗೆ ಇಂದಿಗೂ ಅರಗದ ಸಂಗತಿ.

ಗೊತ್ತಿಲ್ಲದೆ ಆದದ್ದೂ ಅಲ್ಲ. 1907ರಲ್ಲೇ ಪೀಟರ್ ಬ್ರೈಸ್ ಎಂಬ ಸರ್ಕಾರಿ ವೈದ್ಯಾಧಿಕಾರಿ ಪ್ರೇರಿ ಬಯಲಿನ ಶಾಲೆಗಳನ್ನು ಸುತ್ತಿ ವರದಿ ಕೊಟ್ಟರು. ಉತ್ತರ ಕಳಿಸಿದ ಶಾಲೆಗಳ ಲೆಕ್ಕದಂತೆ, ಸೇರಿದ ಮಕ್ಕಳಲ್ಲಿ ಹೆಚ್ಚೂಕಡಿಮೆ ಕಾಲುಭಾಗ ಸತ್ತಿದ್ದರು. ಗಾಳಿಯಾಡದ ಕೋಣೆಗಳು, ಕಿಕ್ಕಿರಿದ ಹಾಸಿಗೆಗಳು, ಕ್ಷಯ. ಸರ್ಕಾರ ಆ ಸಲಹೆಗಳನ್ನು ಬದಿಗಿಟ್ಟಿತು. ಬ್ರೈಸ್ ನಿವೃತ್ತಿಯ ನಂತರ, 1922ರಲ್ಲಿ, ಇದನ್ನು ರಾಷ್ಟ್ರೀಯ ಅಪರಾಧ ಎಂದು ಕರೆದು ಪುಸ್ತಿಕೆ ಅಚ್ಚು ಹಾಕಿಸಿದರು. ಆಮೇಲೂ ಶಾಲೆಗಳು ಎಪ್ಪತ್ತಕ್ಕೂ ಹೆಚ್ಚು ವರ್ಷ ನಡೆದವು.

ಈಗ ಸಂಗೀತದ ಮಾತಿಗೆ ಬರೋಣ. ಶಾಲೆಯೊಳಗೆ ಮಗು ತಾಯ್ನುಡಿ ಆಡಿದರೆ ಶಿಕ್ಷೆ. ಶಾಲೆಯ ಹೊರಗೆ, ಅದೇ ಮಗುವಿನ ಅಪ್ಪ ಅಮ್ಮ ಡ್ರಮ್ ಬಾರಿಸಿ ಕುಣಿದರೆ ಜೈಲು. ಪಶ್ಚಿಮ ಕರಾವಳಿಯ ಸಮುದಾಯಗಳಲ್ಲಿ ಮದುವೆ, ಸಾವು, ಹೆಸರಿಡುವುದು, ಎಲ್ಲಕ್ಕೂ ಊರನ್ನು ಕರೆದು ಉಣಿಸಿ ಹಾಡಿ ಕುಣಿದು ಉಡುಗೊರೆ ಹಂಚುವ ಪಾಟ್‌ಲ್ಯಾಚ್ ಎಂಬ ಹಬ್ಬವಿದೆ. 1885ರಿಂದ ಅದು ಅಪರಾಧವಾಯಿತು. 1895ರ ತಿದ್ದುಪಡಿ ಬಯಲಿನ ಜನರ ಆಚರಣೆಗಳನ್ನೂ ಬಲೆಗೆ ಎಳೆಯಿತು. 1921ರ ಡಿಸೆಂಬರಿನಲ್ಲಿ ಡ್ಯಾನ್ ಕ್ರ್ಯಾನ್ಮರ್ ಎಂಬ ಮುಖಂಡ ವಿಲೇಜ್ ಐಲೆಂಡ್ ಎಂಬ ದ್ವೀಪದಲ್ಲಿ ನಡೆಸಿದ ಪಾಟ್‌ಲ್ಯಾಚಿಗೆ ಹೋಗಿದ್ದವರನ್ನು ಬಂಧಿಸಿ, ಭಾಷಣ ಮಾಡಿದ್ದು, ಕುಣಿದದ್ದು, ಉಡುಗೊರೆ ಕೊಟ್ಟದ್ದು ಎಂಬ ಆರೋಪ ಹೊರಿಸಿದರು. ಮುಖವಾಡಗಳು, ಗಿಲಕಿಗಳು ಪೆಟ್ಟಿಗೆಯಲ್ಲಿ ತುಂಬಿ ದೂರದ ವಸ್ತುಸಂಗ್ರಹಾಲಯಗಳಿಗೆ ಹೋದವು. ನಿಷೇಧ ಕಾನೂನಿನ ಪುಸ್ತಕದಿಂದ ಬಿದ್ದುಹೋದದ್ದು 1951ರಲ್ಲಿ. ಅರವತ್ತಾರು ವರ್ಷ ಎಂದರೆ ಮೂರು ತಲೆಮಾರು. ಹಾಡು ಬರೆದಿಡದ, ಬಾಯಿಂದ ಬಾಯಿಗೆ ದಾಟಿಸುವ ಸಮಾಜದಲ್ಲಿ ಮೂರು ತಲೆಮಾರು ಬಾಯಿ ಕಟ್ಟಿದರೆ ಏನಾಗುತ್ತದೆಂದು ಸೋಬಾನೆ ಪದ ಹಾಡುವ ಅಜ್ಜಿಯನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಶಾಲೆಗಳಲ್ಲಿ ಸಂಗೀತ ಇರಲಿಲ್ಲವೆಂದಲ್ಲ. ಇತ್ತು, ಅವರದ್ದಲ್ಲದ್ದು. ಹಲವು ಶಾಲೆಗಳು ಬ್ರಾಸ್ ಬ್ಯಾಂಡ್ ಕಟ್ಟಿದ್ದವು. ಸಮವಸ್ತ್ರ ತೊಟ್ಟು ತುತ್ತೂರಿ ಹಿಡಿದು ಸಾಲಾಗಿ ನಿಂತ ಹುಡುಗರ ಕಪ್ಪುಬಿಳುಪು ಫೋಟೊಗಳು ಇಂದಿಗೂ ಸಿಗುತ್ತವೆ. ಬೆಳಗ್ಗೆ ಸಂಜೆ ಚರ್ಚಿನ ಪ್ರಾರ್ಥನಾಗೀತೆ. ಮಕ್ಕಳು ಎಷ್ಟು 'ಸುಧಾರಿಸಿದ್ದಾರೆ' ಎಂದು ಬಂದ ಅತಿಥಿಗಳಿಗೆ ತೋರಿಸುವುದಕ್ಕೆ ಅದೊಂದು ಪ್ರದರ್ಶನ. ಆದರೂ ಕೆಲವು ಮಕ್ಕಳು ಅದರಲ್ಲೇ ತಮಗೊಂದು ಆಸರೆ ಹುಡುಕಿಕೊಂಡದ್ದುಂಟು. ಕ್ರೀ ಜನಾಂಗದ ಹಿರಿಯ ನಾಟಕಕಾರ ಟಾಮ್ಸನ್ ಹೈವೇ ಪಿಯಾನೊ ವಾದಕರೂ ಹೌದು; ಆ ನಂಟು ಶುರುವಾದದ್ದು ಅಂಥ ಶಾಲೆಯಲ್ಲೇ. ನೋವಿನ ಮನೆಯಲ್ಲೂ ಮಗುವಿನ ಬೆರಳು ಸ್ವರವನ್ನು ಹುಡುಕಿತು ಎಂದರೆ ಅದರ ಕೀರ್ತಿ ಮಗುವಿಗೆ ಸಲ್ಲಬೇಕು, ಮನೆಗಲ್ಲ.

ಹಾಡಾಗಿ ಉಳಿದ ಮಕ್ಕಳಲ್ಲಿ ಒಬ್ಬನ ಕಥೆಯನ್ನು ತುಸು ನಿಧಾನವಾಗಿ ಹೇಳಬೇಕು.

ಚೇನಿ ವೆಂಜಾಕ್ ಅನಿಶಿನಾಬೆ ಜನಾಂಗದ ಹುಡುಗ. ಊರು ಉತ್ತರ ಒಂಟಾರಿಯೊದ ಒಗೊಕಿ ಪೋಸ್ಟ್. ಒಂಬತ್ತು ವರ್ಷಕ್ಕೆ ಅವನನ್ನು ಕೆನೋರಾ ಪಟ್ಟಣದ ಬಳಿಯ ಸಿಸಿಲಿಯಾ ಜೆಫ್ರಿ ವಸತಿ ಶಾಲೆಗೆ ಸೇರಿಸಲಾಯಿತು. ಅಲ್ಲಿ ಅವನ ಹೆಸರೂ ಬದಲಾಯಿತು, ಚಾರ್ಲಿ ಎಂದು ಕರೆದರು. 1966ರ ಅಕ್ಟೋಬರ್ 16ರಂದು, ಹನ್ನೆರಡರ ಪ್ರಾಯದಲ್ಲಿ, ಆಟದ ಬಯಲಿನಿಂದ ಇಬ್ಬರು ಗೆಳೆಯರ ಜೊತೆ ಓಡಿಹೋದ. ಗೆಳೆಯರಿಬ್ಬರು ಅಣ್ಣತಮ್ಮಂದಿರು, ಅವರ ಮಾವನ ಮನೆ ಹತ್ತಿರದಲ್ಲೇ ಇತ್ತು. ಅಲ್ಲಿ ಕೆಲವು ದಿನ ಕಳೆದ. ಅದು ಅವನ ಮನೆಯಾಗಿರಲಿಲ್ಲ. ಅಪ್ಪನನ್ನು ನೋಡಬೇಕೆಂದು ಒಬ್ಬನೇ ಹೊರಟ. ದಾರಿ ಗೊತ್ತಿಲ್ಲ, ಗೊತ್ತಿದ್ದದ್ದು ರೈಲು ಹಳಿ. ಮನೆ ಇದ್ದದ್ದು ಸುಮಾರು 600 ಕಿಲೊಮೀಟರ್ ಆಚೆ. ಮೈಮೇಲೆ ತೆಳ್ಳನೆಯ ಹತ್ತಿ ಜಾಕೆಟ್, ಜೇಬಿನಲ್ಲಿ ಒಂದು ಪುಟ್ಟ ಗಾಜಿನ ಡಬ್ಬಿ, ಅದರೊಳಗೆ ಕೆಲವು ಬೆಂಕಿಕಡ್ಡಿ. ಹಿಮ ಬೆರೆತ ಗಾಳಿ ಬೀಸುತ್ತಿತ್ತು. ಅಕ್ಟೋಬರ್ 23ರ ಬೆಳಗ್ಗೆ ರೈಲಿನ ಚಾಲಕರು ಹಳಿಯ ಪಕ್ಕ ಅವನ ದೇಹ ಕಂಡರು.

ವಿಚಾರಣೆ ನಡೆಯಿತು. ಜ್ಯೂರಿ ಸದಸ್ಯರು ಈ ಶಿಕ್ಷಣ ಪದ್ಧತಿಯೇ ಮಕ್ಕಳಿಗೆ ಭಾರಿ ಭಾವನಾತ್ಮಕ ತೊಂದರೆ ತರುತ್ತಿದೆ ಎಂದು ಬರೆದರು. 1967ರ ಫೆಬ್ರುವರಿಯಲ್ಲಿ ಮೆಕ್ಲೀನ್ಸ್ ಪತ್ರಿಕೆಯಲ್ಲಿ ಇಯಾನ್ ಆಡಮ್ಸ್ ಎಂಬ ಪತ್ರಕರ್ತ ಚೇನಿಯ ಒಂಟಿ ಸಾವಿನ ಬಗ್ಗೆ ಬರೆದರು. ಆ ಲೇಖನವೂ ಅವನನ್ನು ಚಾರ್ಲಿ ಎಂದೇ ಕರೆಯಿತು. 1970ರ ದಶಕದ ಆರಂಭದಲ್ಲಿ ಮಿಕ್‌ಮಾಕ್ ಮೂಲದ ಗಾಯಕ, ಚಿತ್ರನಿರ್ದೇಶಕ ವಿಲಿ ಡನ್ ಗಿಟಾರ್ ಹಿಡಿದು ಹುಡುಗನ ಮೇಲೆ ಹಾಡು ಕಟ್ಟಿದರು. ಮೂಲನಿವಾಸಿಗಳ ಸಭೆಗಳಲ್ಲಿ, ಕಾಫಿ ಅಂಗಡಿಗಳಲ್ಲಿ ಹಾಡಿದರು. ದೇಶ ಕಿವಿಗೊಡಲಿಲ್ಲ.

2016ರಲ್ಲಿ ಗೋರ್ಡ್ ಡೌನಿ ಹಾಡಿದಾಗ ದೇಶ ಕೇಳಿತು. ಟ್ರಾಜಿಕಲಿ ಹಿಪ್ ಎಂಬ ರಾಕ್ ತಂಡದ ಗಾಯಕ ಆತ, ಕೆನಡಾದ ಮನೆಮಾತು. ಮೆದುಳಿನ ಕ್ಯಾನ್ಸರ್ ತಗುಲಿ ದಿನಗಳು ಎಣಿಕೆಯಾಗಿದ್ದವು. ಉಳಿದ ಶಕ್ತಿಯನ್ನು ಅವರು ಚೇನಿಗೆ ಕೊಟ್ಟರು. 'ಸೀಕ್ರೆಟ್ ಪಾತ್' ಎಂಬ ಹೆಸರಿನಲ್ಲಿ ಹತ್ತು ಹಾಡುಗಳು, ಜೆಫ್ ಲಮೀರ್ ಬರೆದ ಚಿತ್ರಕಾದಂಬರಿ, ಅದರಿಂದ ಮಾಡಿದ ಆನಿಮೇಷನ್ ಚಿತ್ರ. ಚೇನಿಯ ದೇಹ ಸಿಕ್ಕಿ ಸರಿಯಾಗಿ ಐವತ್ತು ವರ್ಷಕ್ಕೆ, ಅದೇ ಅಕ್ಟೋಬರ್ 23ರಂದು, ಸಿಬಿಸಿ ವಾಹಿನಿ ಅದನ್ನು ಬಿತ್ತರಿಸಿತು. ಡೌನಿ ಚೇನಿಯ ಊರಿಗೆ ಹೋಗಿ ಅವನ ಅಕ್ಕತಂಗಿಯರನ್ನು ಕಂಡಿದ್ದರು. ಎರಡೂ ಮನೆಯವರು ಸೇರಿ ಒಂದು ನಿಧಿ ಕಟ್ಟಿದರು, ಅದು ಇವತ್ತು ಶಾಲೆಗಳಲ್ಲಿ ಈ ಚರಿತ್ರೆ ಕಲಿಸಲು ದುಡಿಯುತ್ತಿದೆ. ಆ ಡಿಸೆಂಬರಿನಲ್ಲಿ ಫಸ್ಟ್ ನೇಷನ್ಸ್ ಮುಖಂಡರ ಸಭೆ ಡೌನಿಗೆ ಹದ್ದಿನ ಗರಿ ಕೊಟ್ಟು, ನಕ್ಷತ್ರದ ಕಂಬಳಿ ಹೊದಿಸಿ, ನಕ್ಷತ್ರಗಳ ನಡುವೆ ನಡೆಯುವವನು ಎಂಬರ್ಥದ ಲಕೋಟಾ ಹೆಸರಿಟ್ಟಿತು. ಮುಂದಿನ ವರ್ಷದ ಅಕ್ಟೋಬರ್ 17ರಂದು ಅವರು ತೀರಿಕೊಂಡರು.

ಡೌನಿ ಮಾಡಿದ್ದು ದೊಡ್ಡ ಕೆಲಸ, ಅನುಮಾನವೇ ಇಲ್ಲ. ಆದರೆ ವಿಲಿ ಡನ್ ಹಾಡಿ ನಾಲ್ಕು ದಶಕ ದಾಟಿತ್ತು. ಅವರು 2013ರಲ್ಲಿ ತೀರಿಕೊಂಡಿದ್ದರು, ದೇಶ ಚೇನಿಗಾಗಿ ಅತ್ತದ್ದನ್ನು ನೋಡಲಿಲ್ಲ. ಅದೇ ಹುಡುಗ, ಅದೇ ಹಳಿ, ಅದೇ ಸಾವು. ಹಾಡಿದವನ ಬಣ್ಣ ಬೇರೆಯಾದಾಗ ಕಿವಿಗಳು ತೆರೆದವು. ಸ್ಮರಣೆಯ ಕಥೆ ಬರೆಯುವವರು ಡನ್ ಹೆಸರನ್ನು ಮೊದಲು ಬರೆಯಬೇಕು ಎಂದು ನನ್ನ ಖಚಿತ ಅಭಿಪ್ರಾಯ.

ಇತರರಿಗಾಗಿ ಹಾಡುವುದು ಒಂದಾದರೆ, ಕಳೆದುಹೋದ ತಮ್ಮದೇ ಹಾಡನ್ನು ಮರಳಿ ತರುವುದು ಇನ್ನೊಂದು. ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಟೊಬಿಕ್ ಎಂಬಲ್ಲಿಯ ಜೆರೆಮಿ ಡಚರ್ ಪಾಶ್ಚಾತ್ಯ ಶಾಸ್ತ್ರೀಯ ಗಾಯನ ಕಲಿತ ಯುವಕ. ಅವರ ನುಡಿ ವೊಲಸ್ತೊಕೆ, ಸರಾಗವಾಗಿ ಆಡುವವರು ನೂರರ ಆಸುಪಾಸಿನಲ್ಲಿ ಉಳಿದಿದ್ದಾರೆ. ಸಮುದಾಯದ ಹಿರಿಯ ಹಾಡುಗಾರ್ತಿ ಮ್ಯಾಗಿ ಪಾಲ್ ಅವರಿಗೆ ಒಂದು ಸುಳಿವು ಕೊಟ್ಟರು: ನಮ್ಮವರ ಹಳೆಯ ಹಾಡುಗಳು ವಸ್ತುಸಂಗ್ರಹಾಲಯದಲ್ಲಿವೆ. ಡಚರ್ ಹೋಗಿ ಹುಡುಕಿದಾಗ ಸಿಕ್ಕಿದ್ದು ಮೇಣದ ಉರುಳೆಗಳು. 1907ರಿಂದ ಮುಂದೆ ಒಬ್ಬ ಮಾನವಶಾಸ್ತ್ರಜ್ಞ ಆ ಸಮುದಾಯದವರಿಂದ ಹಾಡಿಸಿ ಹಿಡಿದಿಟ್ಟ ದನಿಗಳು. ಹಾಡಲು ಹೆದರಬೇಕಾಗಿದ್ದ ಕಾಲದಲ್ಲಿ ಹಬ್ಬದ ಮುಖವಾಡಗಳನ್ನು ಮುಟ್ಟುಗೋಲು ಹಾಕುತ್ತಿದ್ದ ಸರ್ಕಾರದ ಸಂಗ್ರಹಾಲಯದಲ್ಲೇ ಅವು ಉಳಿದುಕೊಂಡಿದ್ದವು. ಹೆಡ್‌ಫೋನ್ ಹಾಕಿಕೊಂಡು ಗರಗರ ಸದ್ದಿನ ನಡುವಿನಿಂದ ಮುತ್ತಾತಂದಿರ ದನಿ ಆರಿಸಿ, ಸಾಲು ಸಾಲಾಗಿ ಬರೆದುಕೊಂಡು, ಪಿಯಾನೊದ ಜೊತೆ ಮತ್ತೆ ಹಾಡಿದರು. 2018ರಲ್ಲಿ ಬಂದ ಆ ಆಲ್ಬಂನಲ್ಲಿ ಹಳೆಯ ದನಿ ಹಾಡುತ್ತದೆ, ಹೊಸ ದನಿ ಓಗೊಡುತ್ತದೆ. ಕೆನಡಾದ ಪೊಲಾರಿಸ್ ಸಂಗೀತ ಪ್ರಶಸ್ತಿ ಆ ವರ್ಷ ಅದಕ್ಕೆ ಬಂತು. 2024ರಲ್ಲಿ ಎರಡನೆಯ ಆಲ್ಬಂಗೂ ಬಂತು; ಎರಡು ಸಲ ಗೆದ್ದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ.

ಉತ್ತರದ ಇನ್ಯುಯಿಟ್ ಹೆಂಗಸರು ಇಬ್ಬರು ಎದುರುಬದುರು ನಿಂತು ಗಂಟಲಿನಿಂದ ಉಸಿರನ್ನೇ ಲಯವಾಗಿಸಿ ಹಾಡುವ ಪದ್ಧತಿಯೊಂದಿದೆ. ಅದನ್ನೂ ಮಿಷನರಿಗಳು ಹತ್ತಿಕ್ಕಿದ್ದರು. ವಸತಿ ಶಾಲೆಯಲ್ಲಿ ಓದಿದ ತಾನ್ಯಾ ತಗಾಕ್ ಅದನ್ನು ಕಲಿತದ್ದು ಊರಿನಿಂದ ದೂರದ ಹ್ಯಾಲಿಫ್ಯಾಕ್ಸಿನಲ್ಲಿ ಚಿತ್ರಕಲೆ ಓದುತ್ತಿದ್ದಾಗ, ತಾಯಿ ಅಂಚೆಯಲ್ಲಿ ಕಳಿಸಿದ ಕ್ಯಾಸೆಟ್ಟುಗಳಿಂದ. ಎದುರಿಗೆ ನಿಲ್ಲಲು ಇನ್ನೊಬ್ಬಳಿಲ್ಲದೆ ಒಬ್ಬರೇ ಹಾಡಿದರು, ಅದೇ ಅವರ ಶೈಲಿಯಾಯಿತು.

ಹಾಡಿಗೆ ಸಾಕ್ಷ್ಯದ ಬಲವೂ ಬೇಕಿತ್ತು. ಅದನ್ನು ಕೊಟ್ಟವರು ಬದುಕುಳಿದವರೇ. ಅವರು ಹೂಡಿದ ಮೊಕದ್ದಮೆಗಳು ಬೆಟ್ಟದಷ್ಟಾದ ಮೇಲೆ ಸರ್ಕಾರ ಮತ್ತು ಚರ್ಚುಗಳು 2006ರಲ್ಲಿ ಒಪ್ಪಂದಕ್ಕೆ ಬಂದವು, ಅದರ ಫಲವಾಗಿ 2008ರಲ್ಲಿ ಸತ್ಯ ಮತ್ತು ಸಾಮರಸ್ಯ ಆಯೋಗ ರಚನೆಯಾಯಿತು. ಅನಿಶಿನಾಬೆ ನ್ಯಾಯಾಧೀಶ ಮರೆ ಸಿಂಕ್ಲೇರ್ ಮುಂದೆ ಅದರ ಅಧ್ಯಕ್ಷರಾದರು. 6,000ಕ್ಕೂ ಹೆಚ್ಚು ಜನ ಎದುರು ಕೂತು ಹೇಳಿದರು. ಹೇಳುವಾಗ ಕಣ್ಣೊರೆಸಿಕೊಂಡ ಕಾಗದದ ಕರವಸ್ತ್ರಗಳನ್ನು ಯಾರೂ ಕಸದ ಬುಟ್ಟಿಗೆ ಹಾಕಲಿಲ್ಲ. ಒಟ್ಟುಮಾಡಿ ಪವಿತ್ರ ಅಗ್ನಿಗೆ ಅರ್ಪಿಸಿದರು. 2015ರ ವರದಿ ಇದನ್ನು ಸಾಂಸ್ಕೃತಿಕ ನರಮೇಧ ಎಂದು ಕರೆಯಿತು. ಸತ್ತ ಮಕ್ಕಳ ಬಗ್ಗೆ ಅದು ಹೇಳಿದ್ದು ಇನ್ನೂ ಭಾರವಾದದ್ದು. ಆಯೋಗಕ್ಕೆ ಆಗ ಸಿಕ್ಕಿದ ದಾಖಲೆಗಳಲ್ಲಿ ಸುಮಾರು 3,200 ಸಾವುಗಳಿದ್ದವು. ಅವುಗಳಲ್ಲಿ ಹೆಚ್ಚೂಕಡಿಮೆ ಮೂರನೇ ಒಂದು ಭಾಗಕ್ಕೆ ಶಾಲೆಯವರು ಮಗುವಿನ ಹೆಸರನ್ನೇ ಬರೆದಿರಲಿಲ್ಲ.

ಆದ್ದರಿಂದ ಅಲ್ಲಿ ಸ್ಮರಣೆಯೆಂದರೆ ಮೊದಲು ಹೆಸರು ಹುಡುಕುವ ಕೆಲಸ. ವಿನ್ನಿಪೆಗ್‌ನಲ್ಲಿರುವ ಸತ್ಯ ಮತ್ತು ಸಾಮರಸ್ಯದ ರಾಷ್ಟ್ರೀಯ ಕೇಂದ್ರ ಕಡತಗಳನ್ನು ಜಾಲಾಡಿ ಒಂದೊಂದೇ ಹೆಸರು ಸೇರಿಸುತ್ತಿದೆ. 2019ರ ಸೆಪ್ಟೆಂಬರ್ 30ರಂದು 2,800 ಹೆಸರುಗಳಿರುವ, 50 ಮೀಟರ್ ಉದ್ದದ ಕೆಂಪು ಬಟ್ಟೆಯನ್ನು ಬಿಡಿಸಿದರು. 2022ರ ಜುಲೈ 25ರಂದು ಪೋಪ್ ಫ್ರಾನ್ಸಿಸ್ ಕ್ಷಮೆ ಕೇಳಲು ಆಲ್ಬರ್ಟಾದ ಮಸ್ಕ್ವಾಚೀಸ್‌ಗೆ ಬಂದಾಗ ಹೆಸರುಗಳು 4,000 ದಾಟಿದ್ದವು. ಜನ ಆ ಉದ್ದದ ಕೆಂಪು ಪಟ್ಟಿಯನ್ನು ಹಿಡಿದು ಸಾಗಿದರು, ಪೋಪ್ ಅದಕ್ಕೆ ಮುತ್ತಿಟ್ಟರು. ಕಾರ್ಯಕ್ರಮದ ನಡುವೆ ಕ್ರೀ ಮಹಿಳೆಯೊಬ್ಬರು ಎದ್ದು ಬಂದು ವೇದಿಕೆಯ ಎದುರು ನಿಂತರು. ಕಾರ್ಯಕ್ರಮದ ಪಟ್ಟಿಯಲ್ಲಿ ಅವರ ಹಾಡಿರಲಿಲ್ಲ. ಕೆನಡಾದ ರಾಷ್ಟ್ರಗೀತೆಯನ್ನು ನೆನಪಿಸುವ ಧಾಟಿಯಲ್ಲಿ, ತಮ್ಮ ನುಡಿಯ ಬೇರೆಯೇ ಮಾತುಗಳನ್ನು, ಮುಷ್ಟಿ ಬಿಗಿಹಿಡಿದು ಹಾಡಿದರು. ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು, ದನಿ ಇಳಿಯಲಿಲ್ಲ. ಅಂದಿನ ಭಾಷಣಗಳಿಗಿಂತ ಹೆಚ್ಚು ನನಗೆ ನೆನಪಿರುವುದು ಆ ಹಾಡು.

ಗೌರವದ ಹಾಡು ಎಂದೆನಲ್ಲ, ಅದರ ರೂಪವನ್ನೂ ಹೇಳಬೇಕು. ಪಶ್ಚಿಮದ ಕೈಡ್ರಮ್ ಎಂದರೆ ಮರದ ಬಳೆಗೆ ಬಿಗಿದ ಜಿಂಕೆಯ ಇಲ್ಲವೇ ಇತರ ಪ್ರಾಣಿಯ ಚರ್ಮ. ತೇವಕ್ಕೆ ಚರ್ಮ ಸಡಿಲವಾಗುತ್ತದೆ, ನಮ್ಮ ತಮಟೆಯವರ ಹಾಗೆ ಬೆಂಕಿಯ ಬಿಸಿ ತೋರಿಸಿ ಬಿಗಿ ಮಾಡಿಕೊಳ್ಳುತ್ತಾರೆ. ಬಯಲಿನ ಕಡೆ ದೊಡ್ಡ ಡ್ರಮ್ಮಿನ ಸುತ್ತ ಹಲವರು ಕೂತು ಒಟ್ಟಿಗೆ ಬಾರಿಸುತ್ತಾರೆ. ಆ ಬಡಿತ ಭೂತಾಯಿಯ ಎದೆಬಡಿತ ಎಂಬುದು ಅವರ ನಂಬಿಕೆ. ಎಷ್ಟೋ ಹಾಡುಗಳಲ್ಲಿ ಮಾತೇ ಇರುವುದಿಲ್ಲ, ಹೇ, ಯಾ, ಹೋ ಎಂಬಂಥ ಬರಿಯ ಸ್ವರಗಳು. ಹಾಗಾಗಿ ಬೇರೆ ಬೇರೆ ನುಡಿಯವರು ಒಂದೇ ಹಾಡನ್ನು ಹಾಡಬಹುದು. ಶಾಲೆ ನುಡಿ ಕಿತ್ತುಕೊಂಡ ಅಜ್ಜನೂ ಮೊಮ್ಮಗನ ಜೊತೆ ದನಿ ಸೇರಿಸಬಹುದು. ಮಾತು ಕಳೆದುಕೊಂಡವರಿಗೆ ಇದಕ್ಕಿಂತ ಹತ್ತಿರದ ದಾರಿ ನನಗೆ ಕಾಣುತ್ತಿಲ್ಲ.

ಸೆಪ್ಟೆಂಬರ್ 30 ಎಂಬ ದಿನ ಬಂದದ್ದು ಒಂದು ಅಂಗಿಯಿಂದ. 1973ರಲ್ಲಿ ಆರು ವರ್ಷದ ಫಿಲಿಸ್ ವೆಬ್‌ಸ್ಟ್ಯಾಡ್ ಶಾಲೆಗೆ ಹೊರಟಾಗ ಅಜ್ಜಿ ಹೊಸ ಅಂಗಿ ಕೊಡಿಸಿದ್ದರು. ಹೊಳೆಯುವ ಕಿತ್ತಳೆ ಬಣ್ಣ, ಎದೆಯ ಮೇಲೆ ದಾರ ಪೋಣಿಸಿದ್ದು. ವಿಲಿಯಮ್ಸ್ ಲೇಕ್ ಬಳಿಯ ಸೇಂಟ್ ಜೋಸೆಫ್ಸ್ ಮಿಷನ್ ಶಾಲೆಯಲ್ಲಿ ಮೊದಲ ದಿನವೇ ಅದನ್ನು ಬಿಚ್ಚಿಸಿಕೊಂಡರು, ಮತ್ತೆ ಕೊಡಲಿಲ್ಲ. ಅವರು ಈ ಕಥೆಯನ್ನು 2013ರಲ್ಲಿ ಸಭೆಯೊಂದರಲ್ಲಿ ಹೇಳಿದ ಮೇಲೆ ಕಿತ್ತಳೆ ಅಂಗಿಯ ದಿನ ಹುಟ್ಟಿತು. ಹಿಂದೆ ಮಕ್ಕಳನ್ನು ಮನೆಯಿಂದ ಒಯ್ಯುತ್ತಿದ್ದದ್ದು ಸೆಪ್ಟೆಂಬರಿನಲ್ಲಿ, ಅದಕ್ಕೇ ಆ ತಿಂಗಳು. 2021ರಿಂದ ಸೆಪ್ಟೆಂಬರ್ 30 ಕೇಂದ್ರ ಸರ್ಕಾರದ ರಜೆಯ ದಿನ.

ಟೊರಾಂಟೊ, ಬ್ರ್ಯಾಂಪ್ಟನ್, ವ್ಯಾಂಕೂವರ್ ಕಡೆ ನೆಲೆಸಿದ ಕನ್ನಡ ಮನೆಗಳ ಮಕ್ಕಳೂ ಆ ಹೊತ್ತಿಗೆ ಕಿತ್ತಳೆ ಅಂಗಿ ಕೇಳುತ್ತಾರೆ. ಇದು ಶಾಲೆಯ ಇನ್ನೊಂದು ಬಣ್ಣದ ದಿನವೆಂದು ಕೊಡಿಸಿ ಮರೆಯಬೇಡಿ. ನಂಟು ಅದಕ್ಕಿಂತ ಆಳವಾದದ್ದು. ಆಯೋಗ ಕೊಟ್ಟ 94 ಶಿಫಾರಸುಗಳಲ್ಲಿ ಕಟ್ಟಕಡೆಯದು ಹೊಸ ಪ್ರಜೆಗಳ ಪ್ರಮಾಣವಚನವನ್ನು ಕುರಿತದ್ದು. 2021ರ ಜೂನ್‌ನಲ್ಲಿ ಅದು ಕಾನೂನಾಯಿತು. ಕರ್ನಾಟಕದಿಂದ ಹೋಗಿ ಕೆನಡಾದ ಪ್ರಜೆಯಾಗುವವರು ಇಂದು ಫಸ್ಟ್ ನೇಷನ್ಸ್, ಇನ್ಯುಯಿಟ್, ಮೇಟಿ ಜನರ ಹಕ್ಕುಗಳನ್ನು ಎತ್ತಿಹಿಡಿಯುವ ಸಂವಿಧಾನಕ್ಕೆ ಬದ್ಧರೆಂದು ಬಾಯಿಬಿಟ್ಟು ಹೇಳಿಯೇ ಪ್ರಜೆಯಾಗುತ್ತಾರೆ. ಕೊಟ್ಟ ಮಾತು ಅದು.

ಮುಂದಿನ ಸೆಪ್ಟೆಂಬರ್ 30ಕ್ಕೆ ನೀವು ಅಲ್ಲಿದ್ದರೆ ಹತ್ತಿರದ ಸಭೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಹೋಗುವ ಮುನ್ನ ಚೇನಿಯ ಹೆಸರನ್ನು ಅವರಿಗೆ ಸರಿಯಾಗಿ ಹೇಳಿಕೊಡಿ, ಚಾರ್ಲಿ ಅಲ್ಲ, ಚೇನಿ. ಗೌರವದ ಹಾಡು ಶುರುವಾದಾಗ ಎದ್ದು ನಿಲ್ಲಿ, ಟೋಪಿ ತೆಗೆಯಿರಿ, ಫೋನ್ ಜೇಬಿನೊಳಗಿಡಿ. ಜೊತೆಗೆ ಹಾಡಿ ಎಂದು ಕರೆದರೆ ನಾಚದೆ ದನಿ ಸೇರಿಸಿ.